ಮೈಕ್ ಕಟ್ಟುವವನ ಡೈರಿ

ಅಕ್ಕನ ಮಗಳು ಬೆಂಗಳೂರಿನಿಂದ ಮೆಸೇಜು ಹಾಕಿದ್ದಳು. “ಮಾವ, ಏಪ್ರಿಲ್ ಕೊನೆಗೆ ನಾವು ಮೂರು ಜನ ಮಡಿಕೇರಿಗೆ ಬರ್ತಿದೀವಿ. ಸಂಜೆ ಹೊತ್ತು ಅಲ್ಲಿ ಏನೇನಿರುತ್ತೆ? ಲೈವ್ ಮ್ಯೂಸಿಕ್, ಕಾಮಿಡಿ, ನಾಟಕ, ಏನಿದ್ರೂ ಸರಿ. ಒಂದು ಲಿಸ್ಟ್ ಕಳಿಸ್ತೀರಾ?”

‘ಏನೂ ಇಲ್ಲಮ್ಮ’ ಎಂದು ಬರೆದು ಕಳಿಸುವುದರಲ್ಲಿದ್ದೆ. ರಾತ್ರಿ ಎಂಟಕ್ಕೆಲ್ಲ ಅಂಗಡಿಗಳ ಬಾಗಿಲು ಬೀಳುವ ಊರು ನಮ್ಮದು. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಒಂದು ಪೊಟ್ಟಣ ಚುರುಮುರಿ ತಿಂದು, ರೂಮಿಗೆ ಹೋಗಿ ಮಲಗುವುದು. ಬಂದವರಿಗೆಲ್ಲ ನಾವು ಹೇಳುವುದೂ ಅಷ್ಟೇ. ಆದರೆ ಆ ಮೆಸೇಜು ಓದುವಾಗ ನನ್ನ ಮೊಣಕೈ ಕೆಳಗೆ ಇದ್ದದ್ದು ಬುಕಿಂಗ್ ಡೈರಿ. ಅದರ ಏಪ್ರಿಲ್ ತಿಂಗಳಲ್ಲಿ ಖಾಲಿ ಉಳಿದಿದ್ದದ್ದು ನಾಲ್ಕೇ ದಿನ.

ನನ್ನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪ ಶುರು ಮಾಡಿದಾಗ ಒಂದು ಅಹುಜ ಆಂಪ್ಲಿಫೈಯರ್, ಎರಡು ಹಾರ್ನು, ಒಂದು ರೆಕಾರ್ಡ್ ಪ್ಲೇಯರ್ ಇತ್ತಂತೆ. ಈಗ ಪಿಕಪ್ ಗಾಡಿ ಇದೆ, ಮಿಕ್ಸರ್ ಇದೆ, ಕಾರ್ಡ್‌ಲೆಸ್ ಮೈಕು, ಲೈಟು, ಜನರೇಟರು ಎಲ್ಲ ಇದೆ. ಕೆಲಸ ಮಾತ್ರ ಅದೇ. ಯಾರೋ ಮಾತಾಡುತ್ತಾರೆ, ಯಾರೋ ಹಾಡುತ್ತಾರೆ, ಯಾರೋ ಕುಣಿಯುತ್ತಾರೆ. ನಾನು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗುಂಡಿ ತಿರುಗಿಸುತ್ತೇನೆ. ಹಾಗಾಗಿ ಈ ಜಿಲ್ಲೆಯ ಕಾರ್ಯಕ್ರಮಗಳನ್ನು ನನ್ನ ಹಾಗೆ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವರು ಜಾಸ್ತಿ ಇರಲಿಕ್ಕಿಲ್ಲ. ಮಿಕ್ಕವರು ಊಟಕ್ಕೆ ಎದ್ದು ಹೋಗುತ್ತಾರೆ.

ಏನೂ ಇಲ್ಲ ಅಂತ ಬರೆಯಲು ಹೊರಟವನ ಡೈರಿ ಯಾಕೆ ಇಷ್ಟು ತುಂಬಿದೆ? ಅವತ್ತು ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಹಳೆಯ ಡೈರಿಗಳನ್ನೂ ತೆಗೆದು ಹಾಳೆ ತಿರುವುತ್ತಾ ಕೂತೆ.

ವಸಂತ ಅನ್ನುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ನಮಗೆ ಮಾರ್ಚಿನಿಂದ ಮೇವರೆಗೆ ಬೇಸಿಗೆ, ಆಮೇಲೆ ಮಳೆಗಾಲ. ಜೂನ್ ಬಂತೆಂದರೆ ನನ್ನ ಹಾರ್ನುಗಳು ಅಟ್ಟ ಸೇರುತ್ತವೆ. ಆಮೇಲೆ ದಸರಾ ಬರಬೇಕು. ದಸರಾದ್ದು ಬೇರೆಯೇ ಕಥೆ. ಗಾಂಧಿ ಮೈದಾನದಲ್ಲಿ ಪ್ರತಿ ಸಂಜೆ ಕಾರ್ಯಕ್ರಮ, ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳಲ್ಲಿ ಬೊಂಬೆ ರಾಕ್ಷಸರು ಕೈಕಾಲು ಆಡಿಸುವುದು, ಊರಿಗೆ ಊರೇ ರಸ್ತೆಯಲ್ಲಿ. ಅದನ್ನು ಎಲ್ಲರೂ ಬಲ್ಲರು. ಬೇಸಿಗೆಯದ್ದು ಹಾಗಲ್ಲ. ಪೋಸ್ಟರು ಅಂಟಿಸುವುದಿಲ್ಲ, ಪೇಪರಿನಲ್ಲಿ ಮೊದಲೇ ಬರುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು.

ಬೇಸಿಗೆಯ ಕೆಲಸಕ್ಕೆ ಒಂದೇ ವೈರಿ, ಮಳೆ. ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ತೋಟದವರೆಲ್ಲ ಆಕಾಶ ನೋಡುತ್ತಾ ಕಾಯುವುದೇ ಆ ಹೂಮಳೆಗೆ. ಒಂದಿಂಚು ಚೆನ್ನಾಗಿ ಬಿತ್ತೆಂದರೆ ಎಂಟು-ಹತ್ತು ದಿನದಲ್ಲಿ ಕಾಫಿ ಗಿಡದ ಕೊಂಬೆ ಕೊಂಬೆಯೂ ಬೆಳ್ಳಗೆ. ಮಲ್ಲಿಗೆಯಂಥ ಆ ಪರಿಮಳ ಎರಡು ಮೂರು ದಿನ ರಸ್ತೆಯವರೆಗೂ ಬರುತ್ತದೆ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ತೋಟದವರೇ. ಬೆಳಿಗ್ಗೆ ಫೋನು ಮಾಡಿ, “ನಮ್ಮಲ್ಲಿ ಎಂಬತ್ತು ಸೆಂಟು ಬಿತ್ತು, ನಿಮ್ಮ ಕಡೆ?” ಎಂದು ಖುಷಿಯಲ್ಲಿ ಕೇಳುತ್ತಾರೆ. ನೂರು ಸೆಂಟೆಂದರೆ ಒಂದಿಂಚು. ನಾನೂ ಖುಷಿಯಲ್ಲೇ ಉತ್ತರ ಕೊಡುತ್ತೇನೆ. ಒದ್ದೆಯಾದ ಸ್ಪೀಕರಿಗೆ ಹೇರ್ ಡ್ರೈಯರ್ ಹಿಡಿದುಕೊಂಡು.

ಡೈರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮೈದಾನಗಳು. ಏಪ್ರಿಲ್-ಮೇ ಅಂದರೆ ಕೊಡವ ಕುಟುಂಬಗಳ ಹಾಕಿ, ಜೊತೆಗೆ ಗೌಡ ಕುಟುಂಬಗಳ ಕ್ರಿಕೆಟ್. ಹಾಕಿಯನ್ನು 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬ ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕಪ್, 396 ಕುಟುಂಬ. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ.

ಆಟದ ಕಥೆ ಪೇಪರಿನವರು ಬರೆಯುತ್ತಾರೆ. ನಾನು ಹೇಳಬೇಕಾದ್ದು ಕಾಮೆಂಟರಿ ಬಗ್ಗೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹೇಳುವ ವೀಕ್ಷಕ ವಿವರಣೆ ಇದೆಯಲ್ಲ, ಕಾಮಿಡಿ ಅಂದರೆ ಅದು. ಆಡುವವರು ಯಾರ ಮಗ, ಯಾರ ಅಳಿಯ, ಹೋದ ವಾರ ಯಾರ ಮದುವೆಯಲ್ಲಿ ಎಷ್ಟು ಹೊತ್ತಿನವರೆಗೆ ಕುಣಿದರು ಎಲ್ಲ ಮೈಕಿನವರಿಗೆ ಗೊತ್ತು. ಒಮ್ಮೆ ದಪ್ಪನೆಯ ಹಿರಿಯರೊಬ್ಬರು ಚೆಂಡಿನ ಹಿಂದೆ ಓಡಿ ಓಡಿ ನಡುವಿನಲ್ಲೇ ನಿಂತುಬಿಟ್ಟರು. ಎರಡೂ ಕೈ ಸೊಂಟದ ಮೇಲೆ. ಮೈಕಿನಲ್ಲಿ ತಣ್ಣಗೆ ಒಂದು ದನಿ ಬಂತು: ಇವರು ಈಗ ತೋಟದಲ್ಲಿ ಎಷ್ಟು ಆಳು ಕೆಲಸಕ್ಕೆ ಬಂದಿದ್ದಾರೆಂದು ಲೆಕ್ಕ ಹಾಕುತ್ತಿದ್ದಾರೆ, ತೊಂದರೆ ಕೊಡಬೇಡಿ. ಇಡೀ ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಆ ಹಿರಿಯರೂ ಅಲ್ಲಿಂದಲೇ ಸ್ಟಿಕ್ ಎತ್ತಿ ಸಲಾಂ ಹೊಡೆದರು. ಟಿಕೆಟ್ ಇಟ್ಟು ನಡೆಸುವ ಹಾಸ್ಯದ ಕಾರ್ಯಕ್ರಮಕ್ಕೂ ನಾನು ಮೈಕ್ ಕಟ್ಟಿದ್ದೇನೆ. ಅಲ್ಲಿ ನಗಿಸುವವರು ಗಂಡ-ಹೆಂಡತಿ ಜಗಳ ಬಿಟ್ಟು ಆಚೆ ಹೋಗುವುದೇ ಕಮ್ಮಿ. ಯಾರ ಮನೆಯ ಗಂಡ, ಯಾರ ಹೆಂಡತಿ ಎಂದು ಗೊತ್ತಿಲ್ಲದ ಮೇಲೆ ಅರ್ಧ ರುಚಿ ಹೋದ ಹಾಗೆ.

ಮೈದಾನ ಬಿಟ್ಟರೆ ಮದುವೆ ಮಂಟಪ. ಇಲ್ಲಿ ನನಗೆ ಕೆಲಸ ಕಮ್ಮಿ, ಹೊಟ್ಟೆಗೆ ಜಾಸ್ತಿ. ವಾಲಗಕ್ಕೆ ಮೈಕು ಬೇಕಾಗಿಲ್ಲ. ಊದುವವರು ಶುರು ಮಾಡಿ, ಚರ್ಮದ ಮೇಲೆ ಕೋಲು ಬಿತ್ತೆಂದರೆ ಊಟದ ಸಾಲಿನಲ್ಲಿ ನಿಂತವರ ಹೆಗಲೂ ಅಲ್ಲಾಡುತ್ತದೆ. ಕುಪ್ಯಚೇಲೆ, ಅಂದರೆ ಕೊಡವರ ನಿಲುವಂಗಿ ಮತ್ತು ನಡುಪಟ್ಟಿ, ಹಾಕಿದ ಅಜ್ಜನಿಂದ ಸ್ಕೂಲು ಹುಡುಗಿಯವರೆಗೆ ಎಲ್ಲರದ್ದೂ ಅದೇ ಹೆಜ್ಜೆ, ಕಲಿಸಿದವರು ಯಾರೂ ಇಲ್ಲ. ನನ್ನ ಸ್ಪೀಕರು ಬೇಕಾಗುವುದು ರಾತ್ರಿಯ ಡಿಜೆಗೆ.

ಒಂದು ಸಲ ಮಾಡಬಾರದ್ದನ್ನು ಮಾಡಿದೆ. ದುಡಿ ಹಾಡಿನವರ ಮುಂದೆ ಒಳ್ಳೆಯ ಮೈಕೇ ಇಟ್ಟೆ. ದುಡಿ ಅಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈಯ ಸಪೂರ ಕೋಲಿನಲ್ಲಿ ಬಾರಿಸುತ್ತಾರೆ. ನಾಲ್ಕು ಜನ ಹಾಡುವುದು, ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಾಡಿನ ಮೇಲೆ ಹಾಡು, ಗಂಟೆಗಟ್ಟಲೆ. ಮೈಕ್ ಇಟ್ಟ ಕೂಡಲೇ ಮೊದಲ ಇಬ್ಬರ ದನಿ ಸ್ಪೀಕರಿನಲ್ಲಿ ದೊಡ್ಡದಾಯಿತು, ಹಿಂದಿನ ಇಬ್ಬರದ್ದು ಸತ್ತೇ ಹೋಯಿತು. ದುಡಿಯ ‘ಡುಂ’ ಎನ್ನುವ ನಾದ ತಗಡಿನ ಡಬ್ಬದ ಸದ್ದಾಯಿತು. ಅವರಲ್ಲಿ ಹಿರಿಯರು ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಕೋಲಿನ ತುದಿಯಿಂದ ಮೈಕನ್ನು ಮೆಲ್ಲಗೆ ಆಚೆ ತಳ್ಳಿದರು. ಅಷ್ಟೇ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಒಟ್ಟುಮಾಡಿ 1924ರಲ್ಲೇ ‘ಪಟ್ಟೋಲೆ ಪಳಮೆ’ ಪುಸ್ತಕ ಮಾಡಿದ್ದರು. ಅದು ಅಂಗಡಿಯ ಕಪಾಟಿನಲ್ಲೂ ಒಂದಿದೆ. ಆದರೆ ಪುಸ್ತಕದ ಸಾಲಿನಲ್ಲಿ ಹಿಂದಿನ ಇಬ್ಬರು ಕೇಳುವುದಿಲ್ಲ ನೋಡಿ.

ಅಕ್ಕನ ಮಗಳು ಕೇಳಿದ ‘ಲೈವ್ ಮ್ಯೂಸಿಕ್’ ಬೇರೆ, ನನಗೆ ಗೊತ್ತು. ಅದೂ ಇದೆ. ಶನಿವಾರ ರಾತ್ರಿ ರೆಸಾರ್ಟುಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಬೋರ್ಡು ಹಾಕಿರುತ್ತಾರೆ. ಒಬ್ಬ ಹುಡುಗ, ಒಂದು ಗಿಟಾರು, ಪಕ್ಕದಲ್ಲಿ ಬೆಂಕಿ. ಕೆಲವು ಕಡೆ ಗಿಟಾರೂ ಇಲ್ಲ, ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುವುದು. ಅದಕ್ಕೂ ಲೈವ್ ಅಂತಲೇ ಹೆಸರು. ಸುಂಟಿಕೊಪ್ಪದ ಕಡೆಯ ಒಂದು ರೆಸಾರ್ಟಿಗೆ ನಾನು ಎರಡು ಬೇಸಿಗೆ ಸೌಂಡ್ ಕೊಟ್ಟಿದ್ದೆ. ಹಾಡುವವನು ಕುಶಾಲನಗರದ ಹುಡುಗ, ಒಳ್ಳೆ ಕಂಠ. ಮೂರು ಗಂಟೆ ಹಿಂದಿ ಹಾಡು ಹಾಡಿದ. ಕೇಳಿದವರು ಯಾರೂ ಇಲ್ಲ. ಮಕ್ಕಳು ಕಬಾಬಿಗೆ ಜಗಳವಾಡುತ್ತಿದ್ದವು. ದೊಡ್ಡವರು ಆಗಾಗ ಬಂದು ಅವನ ಹಿಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಹತ್ತು ಗಂಟೆಗೆ ನಾನು ವಯರು ಸುತ್ತಲು ಶುರು ಮಾಡಿದೆ. ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಅದು ಕಾನೂನು. ಅತಿಥಿಗಳು ರೂಮಿಗೆ ಹೋಗಿದ್ದರು. ಆ ಹುಡುಗ ಗಿಟಾರು ಚೀಲಕ್ಕೆ ಹಾಕುವ ಮೊದಲು ಸುಮ್ನೆ, ತನಗೇ ಅನ್ನುವ ಹಾಗೆ, ಒಂದು ಕೊಡವ ಹಾಡು ಹಾಡಿದ. ಅಡುಗೆಮನೆ ಬಾಗಿಲು ತೆರೆಯಿತು. ಪಾತ್ರೆ ತೊಳೆಯುತ್ತಿದ್ದ ಇಬ್ಬರು ಹೆಂಗಸರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೊರಗೆ ಬಂದು ನಿಂತರು. ಆಮೇಲೆ ಕುಕ್ಕು, ಆಮೇಲೆ ವಾಚ್‌ಮನ್. ಐದು ನಿಮಿಷ. ನನ್ನ ವಯರು ಅರ್ಧ ಸುತ್ತಿದ್ದು ಹಾಗೇ ಕೈಯಲ್ಲಿ ಉಳಿಯಿತು.

ಇನ್ನು ಡೈರಿಯಲ್ಲಿ ‘ತೆರೆ’ ಎಂದು ಬರೆದ ದಿನಗಳಿವೆ. ದೈವದ ವೇಷ ಕಟ್ಟಿ ಕುಣಿಯುವ ಆಚರಣೆ ಅದು, ಕೇರಳದವರು ತೆಯ್ಯಂ ಅನ್ನುವುದನ್ನೇ ನಾವು ತೆರೆ ಅನ್ನುವುದು. ವಿಷ್ಣುಮೂರ್ತಿ, ಕುಟ್ಟಿಚಾತ, ಗುಳಿಗ, ಭಗವತಿ, ಹೀಗೆ ಒಂದೊಂದೂ ಒಂದೊಂದು ಹೊತ್ತಿಗೆ. ರಾತ್ರಿಯಿಡೀ ನಡೆಯುತ್ತದೆ. ಮೈಕ್ ಹತ್ತಕ್ಕೆ ಬಂದ್, ಚೆಂಡೆಗೆ ಅದರ ಚಿಂತೆ ಇಲ್ಲ. ತೆಂಗಿನ ಗರಿ, ಮುಖದ ಮೇಲೆ ಕೆಂಪು ಹಳದಿ ಬಣ್ಣ, ಒಬ್ಬ ಕೂತು ಬಣ್ಣ ಬರೆಸಿಕೊಳ್ಳುವುದನ್ನು ನೋಡುವುದೇ ಒಂದು ನಾಟಕ. ಬೆಳಿಗ್ಗೆ ಬಸ್ಸಿನಲ್ಲಿ ನೋಡಿದ್ದ ಮನುಷ್ಯ ಕನ್ನಡಿ ಮುಂದೆ ಮೆಲ್ಲಗೆ ಇಲ್ಲವಾಗುತ್ತಾನೆ.

ಇವುಗಳಲ್ಲಿ ಪೊಟ್ಟ ಅಂತ ಒಂದಿದೆ. ಪೊಟ್ಟ ಅಂದರೆ ಕಿವುಡ, ಪೆದ್ದ. ಕೆಂಡದ ರಾಶಿ ಮೇಲೆ ಒರಗಿಕೊಂಡು “ಚಳಿ, ಚಳಿ” ಎನ್ನುತ್ತಾನೆ! ಜನ ನಗುತ್ತಾರೆ, ಹೆದರಿಕೊಂಡೇ ನಗುತ್ತಾರೆ. ಇದರ ಹಿಂದಿನ ಕಥೆ ಶಂಕರಾಚಾರ್ಯರ ದಾರಿಗೆ ಅಡ್ಡ ನಿಂತ ಚಂಡಾಲನದ್ದು. ನಿನ್ನನ್ನು ಕಡಿದರೂ ನೆತ್ತರು, ನನ್ನನ್ನು ಕಡಿದರೂ ನೆತ್ತರು, ಮತ್ತೇನು ದೊಡ್ಡಸ್ತಿಕೆ ಎಂದು ಕೇಳುವವನು ಅವನು. ಪೆದ್ದನ ವೇಷ ಹಾಕಿಕೊಂಡು ಇಂಥ ಮಾತು ಆಡುವುದು. ಮುಂದೆ ಕೈಮುಗಿದು ನಿಂತವರಲ್ಲಿ ಆ ಮಾತು ತಾಗಬೇಕಾದವರೂ ಇರುತ್ತಾರೆ. ಮರುದಿನ ಅವರು ಮೊದಲಿನ ಹಾಗೇ ಇರುತ್ತಾರೆ, ಅದು ಬೇರೆ ವಿಷಯ.

ಸೋಮವಾರಪೇಟೆ ಕಡೆ ಸುಗ್ಗಿ ಹಬ್ಬ, ದಕ್ಷಿಣ ಕೊಡಗಿನಲ್ಲಿ ಬೋಡ್ ನಮ್ಮೆ ಅನ್ನುವ ಊರಹಬ್ಬ. ಅವುಗಳ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಬರಹವೇ ಬೇಕು. ಕುಂಡೆ ಹಬ್ಬದ ಬಗ್ಗೆ ಮಾತ್ರ ಬರೆಯದೆ ಇರಲಾರೆ. ಅದನ್ನು ಈ ಅಕ್ಕನ ಮಗಳೇ ನನ್ನ ಜೊತೆ ನೋಡಿದ್ದಾಳೆ.

ಹೋದ ವರ್ಷ ಮೇ ತಿಂಗಳು. ಗೋಣಿಕೊಪ್ಪಕ್ಕೆ ಒಂದು ಸೆಟ್ ಇಳಿಸಲು ಪಿಕಪ್ಪಿನಲ್ಲಿ ಹೊರಟಿದ್ದೆ, ರಜೆಯಲ್ಲಿದ್ದ ಅವಳೂ ಹತ್ತಿ ಕೂತಳು. ದಾರಿಯಲ್ಲಿ ಒಂದು ದಂಡು ಗಾಡಿ ಅಡ್ಡಗಟ್ಟಿತು. ಒಬ್ಬ ಸೀರೆ ಉಟ್ಟಿದ್ದಾನೆ, ಒಬ್ಬ ನೈಟಿ ಹಾಕಿದ್ದಾನೆ, ಇನ್ನೊಬ್ಬ ಅಂಗಿಯ ಮೇಲೆ ಬ್ರಾ ಕಟ್ಟಿಕೊಂಡಿದ್ದಾನೆ. ಮುಖಕ್ಕೆ ಮಸಿ, ಸುಣ್ಣ, ಬಣ್ಣ. ಕೈಯಲ್ಲಿ ಸೋರೆಬುರುಡೆ, ಪ್ಲಾಸ್ಟಿಕ್ ಕ್ಯಾನು, ಒಡೆದ ಬಕೆಟು. ಅದನ್ನೇ ಬಡಿಯುತ್ತಾ, ಕುಣಿಯುತ್ತಾ, ನಮ್ಮಿಬ್ಬರನ್ನೂ ಬೈದದ್ದೇ ಬೈದದ್ದು. ಇಲ್ಲಿ ಬರೆಯುವಂಥ ಬೈಗುಳ ಒಂದೂ ಇಲ್ಲ. ನನ್ನ ಮೀಸೆ, ನನ್ನ ಗಾಡಿ, ನನ್ನ ಸ್ಪೀಕರಿನ ಆಕಾರ ಯಾವುದನ್ನೂ ಬಿಡಲಿಲ್ಲ, ಎಲ್ಲದಕ್ಕೂ ಕೊನೆಯಲ್ಲಿ ಕುಂಡೆ. ಇವಳು ಮೊದಲು ಬೆಚ್ಚಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹತ್ತು ರೂಪಾಯಿ ಕೊಟ್ಟೆ. ಹತ್ತು ಕೊಟ್ಟಿದ್ದಕ್ಕೆ ಇನ್ನೊಂದು ಸುತ್ತು ಬೈದರು. ಐವತ್ತು ಕೊಟ್ಟ ಮೇಲೆ ಬಿಟ್ಟರು.

ಜೇನುಕುರುಬರು, ಬೆಟ್ಟಕುರುಬರು, ಯರವರು, ವರ್ಷವಿಡೀ ಕಾಫಿ ತೋಟದಲ್ಲಿ ದುಡಿಯುವವರು ಸೇರಿ ದೇವರಪುರದ ದೇವಸ್ಥಾನಕ್ಕೆ ಹೋಗುವ ಹಬ್ಬ ಇದು. ದೇವರು ಅಯ್ಯಪ್ಪ ಇವರನ್ನು ಬೇಟೆಗೆ ಕರೆದುಕೊಂಡು ಹೋದನಂತೆ. ಕಾಡಿನ ನಡುವೆ ಭದ್ರಕಾಳಿ ಸಿಕ್ಕಿದ್ದೇ ಇವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ಆ ಸಿಟ್ಟಿಗೆ ದೇವರನ್ನೇ ಬೈಯುವುದು. ದೇವರಿಗೇ ಬೈದ ಮೇಲೆ ಸಾಹುಕಾರ ಯಾವ ಲೆಕ್ಕ? ತೋಟದ ಗೇಟಿನ ಮುಂದೆ ನಿಂತು ಸಾಹುಕಾರನಿಗೆ ಬೈದು, ಅವನ ಕೈಯಿಂದಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಕೊನೆಗೆ ದೇವರ ಮುಂದೆ ತಪ್ಪಾಯಿತು ಅನ್ನುತ್ತಾರೆ. ಮರುದಿನ ಆಳುಗಳಿಗೆ ಅದೇ ಲೈನ್‌ಮನೆ, ಅದೇ ಗೇಟು.

ಬೆಂಗಳೂರಿನಲ್ಲಿ ಅವಳು ನನ್ನನ್ನು ಒಂದು ಸ್ಟ್ಯಾಂಡಪ್ ಶೋಗೆ ಕರೆದುಕೊಂಡು ಹೋಗಿದ್ದಳು. ಐನೂರು ರೂಪಾಯಿ ಟಿಕೆಟ್. ನಗಿಸಿದ, ಸುಳ್ಳು ಹೇಳಬಾರದು. ಆದರೆ ಒಂದು ಜೋಕು ಹೇಳುವ ಮೊದಲು ಮೂರು ಸಲ, “ಯಾರೂ ಬೇಜಾರು ಮಾಡ್ಕೋಬೇಡಿ, ರೆಕಾರ್ಡ್ ಮಾಡ್ಬೇಡಿ” ಎಂದ. ದೇವರಪುರದ ದಾರಿಯಲ್ಲಿ ನೈಟಿ ಹಾಕಿ ನಿಂತವನಿಗೆ ಆ ಹೆದರಿಕೆ ಇರಲಿಲ್ಲ. ಅವತ್ತು ಇಷ್ಟು ನಕ್ಕವಳು ಈಗ ‘ಅಲ್ಲಿ ಕಾಮಿಡಿ ಏನಾದ್ರೂ ಇದೆಯಾ’ ಎಂದು ಕೇಳುತ್ತಿದ್ದಾಳೆ. ನೋಡಿದ್ದು ಕಾಮಿಡಿ ಶೋ ಎಂದು ಅವಳಿಗೂ ಹೊಳೆದಿಲ್ಲ. ಡೈರಿ ತಿರುವುವವರೆಗೆ ನನಗೂ ಹೊಳೆದಿರಲಿಲ್ಲ.

ಹಾಗಾದರೆ ಲಿಸ್ಟ್ ಆಯಿತಲ್ಲ, ಕಳಿಸಿಬಿಡಬಹುದಲ್ಲ? ನಾಟಕ ಉಳಿಯಿತು.

ಡೈರಿಯಲ್ಲಿ ನಾಟಕ ಹುಡುಕಿದರೆ ಸಿಗುವುದು ಶಾಲೆಯ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಅಕಾಡೆಮಿಗಳ ಕಾರ್ಯಕ್ರಮ. ಕೊಡವ ಅಕಾಡೆಮಿ 1994ರಲ್ಲಿ, ಇಲ್ಲಿನ ಗೌಡರ ಮಾತಾದ ಅರೆಭಾಷೆಯ ಅಕಾಡೆಮಿ 2011ರಲ್ಲಿ ಬಂತು. ಎರಡರ ಕಚೇರಿಯೂ ಮಡಿಕೇರಿಯಲ್ಲೇ ಇದೆ. ಅವು ಇರುವುದರಿಂದ ಆ ಭಾಷೆಗಳಲ್ಲಿ ಅಷ್ಟಾದರೂ ನಡೆಯುತ್ತದೆ. ಆದರೆ ಎಲ್ಲ ಕಡೆ ನಾಟಕದ ಮೊದಲು ‘ವೇದಿಕೆ ಕಾರ್ಯಕ್ರಮ’ ಅಂತ ಒಂದಿರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟಕರು, ಮುಖ್ಯ ಅತಿಥಿಗಳು, ಅಧ್ಯಕ್ಷರು. ಪ್ರತಿಯೊಬ್ಬರೂ ಮೈಕಿಗೆ ಎರಡು ಸಲ ತಟ್ಟಿ, “ಒಂದೆರಡು ಮಾತು ಹೇಳಿ ಮುಗಿಸ್ತೇನೆ” ಅನ್ನುತ್ತಾರೆ. ಹಾಗೆ ಹೇಳಿದವರು ಅರ್ಧ ಗಂಟೆಗೆ ಮೊದಲು ಮುಗಿಸಿದ್ದನ್ನು ನಾನು ನೋಡಿಲ್ಲ. ಒಳಗೆ ಬಣ್ಣ ಹಚ್ಚಿಕೊಂಡವರು ಬೆವರುತ್ತಾ ಕೂತಿರುತ್ತಾರೆ. ನಾಟಕ ಶುರುವಾಗುವ ಹೊತ್ತಿಗೆ ಕೊನೆಯ ಬಸ್ಸಿನವರು ಎದ್ದಿರುತ್ತಾರೆ.

ಹಾಗೆಂದು ನಾಟಕ ನಮಗೆ ಹೊಸತೇನಲ್ಲ. ಹರದಾಸ ಅಪ್ಪಚ್ಚ ಕವಿಗಳು ಕೊಡವ ಭಾಷೆಯಲ್ಲಿ ಯಯಾತಿ ರಾಜನ ನಾಟಕ ಬರೆದದ್ದು 1906ರಲ್ಲಿ. ಅವರ ನಾಲ್ಕು ನಾಟಕಗಳಿವೆ, ಹಾಡುಗಳೇ ತುಂಬಿದ ನಾಟಕಗಳು. ಯಯಾತಿಯದ್ದು ಮಗನ ಯೌವನ ಸಾಲ ತೆಗೆದುಕೊಂಡ ಮುದಿ ರಾಜನ ಕಥೆ. ಹಿರಿಯರು ತೋಟ ಬಿಟ್ಟುಕೊಡದೆ ಮಕ್ಕಳು ನಲವತ್ತಾದರೂ ಕೈಕಟ್ಟಿ ನಿಲ್ಲುವ ಮನೆಗಳನ್ನು ಎಷ್ಟು ನೋಡಿಲ್ಲ ನಾವು? ಅದನ್ನು ಇವತ್ತು ಆಡಿದರೆ ಮುಂದಿನ ಸಾಲಿನಲ್ಲಿ ಕೂತವರು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಬೇಕು. ಹಾಡುಗಳು ಮದುವೆಯಲ್ಲೋ ಸಭೆಯಲ್ಲೋ ಕೇಳಿಬರುತ್ತವೆ. ನಾಟಕಕ್ಕೆಂದು ನನ್ನ ಮೈಕ್ ಹೋದದ್ದು ಎಷ್ಟು ಸಲ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು.

ಆಸೆ ಇದ್ದವರು ಮೈಸೂರಿಗೆ ಹೋಗುತ್ತಾರೆ. ನೂರಿಪ್ಪತ್ತು ಕಿಲೋಮೀಟರ್. ರಂಗಾಯಣ ನಾಟಕ ಸಂಸ್ಥೆ ಇದೆ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಅವರ ಬಹುರೂಪಿ ನಾಟಕೋತ್ಸವದ ಹೊತ್ತಿಗೆ ನಾನೂ ಒಂದೆರಡು ಸಲ ಹೋಗಿದ್ದೇನೆ. ಅಲ್ಲಿಯ ಭೂಮಿಗೀತ ರಂಗಮಂದಿರದಲ್ಲಿ ಕೂತಾಗ ನನಗೆ ಮೊದಲು ಕಂಡದ್ದು ಸ್ಟೇಜಲ್ಲ, ಮೈಕು ಎಲ್ಲಿದೆ ಅನ್ನುವುದು. ನಟರ ಬಾಯಿಯ ಮುಂದೆ ಏನೂ ಇರಲಿಲ್ಲ. ಅಷ್ಟು ಮೆತ್ತಗೆ ಆಡಿದ ಮಾತು ಹಿಂದಿನ ಸಾಲಿನವರೆಗೆ ಬರುತ್ತಿತ್ತು. ಹೊಟ್ಟೆಪಾಡಿನ ದೃಷ್ಟಿಯಿಂದ ಒಳ್ಳೆಯ ಲಕ್ಷಣವಲ್ಲ ಅಂದುಕೊಂಡೆ.

ನಮ್ಮೂರಲ್ಲೇ ನಡೆದ ಒಂದು ನಾಟಕ ಮಾತ್ರ ಮರೆಯಲಾಗಿಲ್ಲ. ಆರೇಳು ವರ್ಷ ಆಯಿತು, ಏಪ್ರಿಲ್ ಕೊನೆ. ಬ್ಯಾಂಕಿನ ಒಬ್ಬರು, ಬಸ್ ಕಂಡಕ್ಟರ್ ಒಬ್ಬರು, ಇಬ್ಬರು ಟೀಚರುಗಳು, ಕಾಲೇಜು ಹುಡುಗ ಹುಡುಗಿಯರು ಸೇರಿ ಎರಡು ತಿಂಗಳು ರಿಹರ್ಸಲ್ ಮಾಡಿದ ನಗೆನಾಟಕ. ಬೆಳ್ಳಿಹಬ್ಬ ಇಲ್ಲ, ಜಾತ್ರೆ ಇಲ್ಲ, ಸುಮ್ನೆ ನಾಟಕ ಮಾಡಬೇಕೆಂದು ಮಾಡಿದ್ದು. ಐವತ್ತು ರೂಪಾಯಿ ಟಿಕೆಟ್ ಇಟ್ಟಿದ್ದರು. “ಟಿಕೆಟ್ಟಾ? ನಾಟಕಕ್ಕಾ?” ಎಂದು ಊರಲ್ಲಿ ಕೇಳಿದವರೇ ಜಾಸ್ತಿ. ಶೀಟಿನ ಮಾಡಿನ ಹಾಲ್. ಎಪ್ಪತ್ತು ಜನ ಬಂದಿದ್ದರು.

ಇಪ್ಪತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಆಲಿಕಲ್ಲು ಮಳೆ. ಶೀಟಿನ ಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ. ನಾನು ಸೌಂಡು ಏರಿಸಿದೆ, ಮೈಕ್ ಕುಂಯ್ ಎಂದು ಕೂಗಿತು. ಇಳಿಸಿದೆ, ಮಾತು ಮುಳುಗಿತು. ಸ್ಟೇಜಿನ ಮೇಲೆ ಬಾಯಿಗಳು ಆಡುತ್ತಿವೆ, ಸದ್ದಿಲ್ಲ. ಕಂಡಕ್ಟರದ್ದು ಕಿವಿ ಕೇಳದ ಅಜ್ಜನ ಪಾತ್ರ. ಅವರು ಕಿವಿಗೆ ಕೈ ಇಟ್ಟುಕೊಂಡು ತಮ್ಮ ಸಾಲನ್ನು ಗಂಟಲು ಹರಿಯುವ ಹಾಗೆ ಕೂಗಿದರು: “ಏನು? ಎಂಥದ್ದು? ನಂಗೇನೂ ಕೇಳ್ತಿಲ್ಲ!” ಇಡೀ ಹಾಲಿನಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಅವತ್ತಿನ ಹಾಗೆ ಜನ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಆ ನಗುವಿನ ನಡುವೆ ಕರೆಂಟು ಹೋಯಿತು.

ನಾನು ಧೈರ್ಯದಲ್ಲಿ ಎದ್ದೆ. ಜನರೇಟರಿಗೆಂದೇ ಬೇರೆ ದುಡ್ಡು ತೆಗೆದುಕೊಂಡಿದ್ದೆ. ಹೊರಗೆ ಹೋಗಿ ಹ್ಯಾಂಡಲ್ ತಿರುಗಿಸಿದೆ. ಒಂದು ಸಲ, ಎರಡು ಸಲ, ಹತ್ತು ಸಲ. ಹಿಂದಿನ ರಾತ್ರಿ ಒಂದು ಮದುವೆಯಲ್ಲಿ ಬೆಳಗಿನ ಜಾವದವರೆಗೆ ಓಡಿತ್ತು. ಡೀಸೆಲ್ ಹಾಕಿಸಲು ಮರೆತಿದ್ದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ತಳ ಕಾಣುತ್ತಿತ್ತು. ಆ ಮಳೆಯಲ್ಲಿ ಬಂಕಿಗೆ ಹೋಗಿ ಬರುವಷ್ಟರಲ್ಲಿ ನಾಟಕ ಮುಗಿದೇಹೋಗುತ್ತದೆ. ತಲೆಯಿಂದ ನೀರು ಇಳಿಸಿಕೊಂಡು ಒಳಗೆ ಬಂದೆ, ಯಾರ ಮುಖ ನೋಡುವುದೆಂದು ತಿಳಿಯದೆ.

ಒಳಗೆ ನೋಡಿದರೆ ಜನ ಕುರ್ಚಿ ಎಳೆದುಕೊಂಡು ಮುಂದೆ ಬರುತ್ತಿದ್ದಾರೆ. ಅಮ್ಮನ ಪಾತ್ರ ಮಾಡಿದ್ದ ಟೀಚರು ಸ್ಟೇಜಿನಿಂದ ಕೆಳಗಿಳಿದು, “ಕಾಣ್ತಿಲ್ಲ ಅಲ್ವಾ? ಹತ್ತಿರ ಬನ್ನಿ” ಎಂದರಂತೆ. ಒಂದು ಚಾರ್ಜಿಂಗ್ ಲೈಟು, ಏಳೆಂಟು ಮೊಬೈಲ್ ಟಾರ್ಚು. ಸುತ್ತ ಜನ, ನಡುವೆ ನಾಟಕ. ಮಳೆಯೂ ಸ್ವಲ್ಪ ಇಳಿದಿತ್ತು. ನಾಲ್ಕಡಿ ದೂರದಲ್ಲಿ ಆ ಅಮ್ಮ ಮಗನಿಗೆ ಬೈಯುವಾಗ ಕುತ್ತಿಗೆಯ ನರ ಕಾಣುತ್ತಿತ್ತು. ನಗೆನಾಟಕ ಅಂತ ಬಂದವರು ಆ ಒಂದು ಕಡೆ ಯಾರೂ ನಗಲಿಲ್ಲ. ಟಾರ್ಚ್ ಹಿಡಿದವರ ಕೈ ಸೋತರೆ ಪಕ್ಕದವರು ಹಿಡಿಯುತ್ತಿದ್ದರು. ನಾನೂ ಹಿಡಿದೆ. ಅವತ್ತು ನಾನು ಮಾಡಿದ ಕೆಲಸ ಅಷ್ಟೇ.

ಮುಗಿದ ಮೇಲೂ ಮಳೆ ನಿಂತಿರಲಿಲ್ಲ. ಎಲ್ಲರೂ ಹಾಲಿನ ಜಗಲಿಯಲ್ಲಿ ಒತ್ತಿಕೊಂಡು ನಿಂತೆವು. ಅಮ್ಮ ಮಾಡಿದ್ದು ಸರಿಯಾ ತಪ್ಪಾ ಎಂದು ಇಬ್ಬರು ಜಗಳಕ್ಕೆ ಬಿದ್ದರು. ಒಬ್ಬರು ಮಾರ್ಕೆಟ್ಟಿನ ತರಕಾರಿಯವರು, ಇನ್ನೊಬ್ಬರು ದೊಡ್ಡ ತೋಟದವರು. ಒಂದು ಹುಡುಗಿ ನಡುವೆ ಬಾಯಿ ಹಾಕಿ ಇಬ್ಬರದ್ದೂ ತಪ್ಪು ಎಂದಳು. ಆಗ ನನಗೆ ಏನೋ ವಿಚಿತ್ರ ಅನ್ನಿಸಿತು. ಏನೆಂದು ಮನೆಗೆ ಹೋದ ಮೇಲೆ ಗೊತ್ತಾಯಿತು. ‘ನೀವು ಯಾವ ಮನೆಯವರು’ ಎಂದು ಅಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಕೊಡಗಿನಲ್ಲಿ ಇಬ್ಬರು ನಿಂತು ಮಾತಾಡಿದರೆ ಮೊದಲ ಪ್ರಶ್ನೆಯೇ ಅದು, ಅಲ್ವಾ? ಹಾಕಿಗೆ ಹೋದರೆ ಕುಟುಂಬದವನಾಗಿ ಹೋಗುತ್ತೇವೆ, ಮದುವೆಗೆ ನೆಂಟನಾಗಿ, ತೆರೆಗೆ ಊರವನಾಗಿ, ಕುಂಡೆ ಹಬ್ಬದಲ್ಲಿ ಬೈಯುವವನು ಯಾರು ಬೈಸಿಕೊಳ್ಳುವವನು ಯಾರು ಎಂದು ಹುಟ್ಟುವಾಗಲೇ ತೀರ್ಮಾನ ಆಗಿರುತ್ತದೆ. ಐವತ್ತು ರೂಪಾಯಿಯ ಆ ಟಿಕೆಟ್ಟಿನ ಮೇಲೆ ಸೀಟಿನ ನಂಬರೂ ಇರಲಿಲ್ಲ.

ನಮ್ಮ ಬೇಸಿಗೆಯಲ್ಲಿ ಎಲ್ಲ ಇದೆ, ಕತ್ತಲಲ್ಲಿ ಯಾರೋ ಒಬ್ಬನಾಗಿ ಕೂತು ನಾಟಕ ನೋಡುವ ಒಂದು ಜಾಗ ಇಲ್ಲ ಎಂದು ನನಗೆ ಅನ್ನಿಸಿದ್ದು ಆವತ್ತು. ಕಟ್ಟಡಗಳಿಗೆ ಬರ ಇಲ್ಲ. ಹೇಳಿದ ಹೊತ್ತಿಗೆ ಪರದೆ ಏಳುವುದು, ಭಾಷಣ ಇಲ್ಲದಿರುವುದು, ದುಡ್ಡು ಕೊಟ್ಟು ಬಂದು ಚೆನ್ನಾಗಿಲ್ಲದಿದ್ದರೆ ಬೈದುಕೊಂಡು ಹೋಗುವುದು, ಇವೆಲ್ಲ ನಮಗೆ ಅಭ್ಯಾಸ ಆಗಬೇಕು. ನನ್ನಂಥವನು ಡೀಸೆಲ್ ಹಾಕಿಸಿಕೊಂಡು ಬರುವುದೂ.

ಅವತ್ತಿನ ಬಾಡಿಗೆ ಅವರು ಪೂರ್ತಿ ಕೊಟ್ಟರು. ಜನರೇಟರಿನದ್ದೂ ಸೇರಿಸಿ. ಬೇಡ ಅನ್ನಬೇಕಿತ್ತು. ಮದುವೆ ಸೀಸನ್ನು, ಗಾಡಿಯ ಕಂತು ಬಾಕಿ ಇತ್ತು, ಎಣಿಸಿ ಜೇಬಿಗೆ ಹಾಕಿಕೊಂಡೆ. ಆ ತಂಡ ಆಮೇಲೆ ನಾಟಕ ಮಾಡಲಿಲ್ಲ. ಒಬ್ಬರಿಗೆ ವರ್ಗ ಆಯಿತು, ಹುಡುಗರು ಬೆಂಗಳೂರಿಗೆ ಹೋದರು, ನಡುವೆ ಕೊರೊನಾ ಬಂತು. ಕಂಡಕ್ಟರು ಆಗಾಗ ಬಸ್ಸಿನಲ್ಲಿ ಸಿಗುತ್ತಾರೆ. ಟಿಕೆಟ್ ಕೇಳಿದರೆ ಕಿವಿಗೆ ಕೈ ಇಟ್ಟು “ಏನು?” ಅನ್ನುತ್ತಾರೆ.

ಅಕ್ಕನ ಮಗಳಿಗೆ ಕೊನೆಗೆ ಉತ್ತರ ಬರೆದೆ. ‘ಹಗಲು ಹಾಕಿ ನೋಡಿ, ಕೊಡವ ಭಾಷೆ ಗೊತ್ತಿರುವವರ ಪಕ್ಕ ಕೂತುಕೊಳ್ಳಿ. ಒಂದು ರಾತ್ರಿ ತೆರೆಗೆ ಕರೆದುಕೊಂಡು ಹೋಗ್ತೇನೆ, ಸ್ವೆಟರ್ ತನ್ನಿ. ಮೇವರೆಗೆ ನಿಂತರೆ ಬೈಸಿಕೊಳ್ಳಲೂಬಹುದು, ಚಿಲ್ಲರೆ ಸಾಲದು, ಐವತ್ತರ ನೋಟು ಇಟ್ಟುಕೊಳ್ಳಿ. ರೆಸಾರ್ಟಿನಲ್ಲಿ ಉಳಿದರೆ ಹಾಡುವ ಹುಡುಗನಿಗೆ ನಿನ್ನ ಇಷ್ಟದ ಹಾಡು ಹಾಡು ಅನ್ನಿ.’ ನಾಟಕದ ಬಗ್ಗೆ ಏನೂ ಬರೆಯಲಿಲ್ಲ.

ಇದಾಗಿ ನಾಲ್ಕು ದಿನಕ್ಕೆ ಅಂಗಡಿಗೆ ಒಂದು ಫೋನು. “ಸರ್, ನಾವು ಕೆಲವು ಜನ ಸೇರಿ ಒಂದು ನಾಟಕ ಮಾಡ್ತಿದೀವಿ. ಬಜೆಟ್ ಕಮ್ಮಿ ಸರ್. ಸೌಂಡು ಬೇಡ, ನಾಲ್ಕು ಲೈಟು ಸಾಕು. ಬಾಡಿಗೆ ಎಷ್ಟಾಗುತ್ತೆ?” ಸಣ್ಣ ವಯಸ್ಸಿನ ಹುಡುಗಿಯ ದನಿ. ಭಾಷಣ ಇದೆಯಾ ಎಂದು ಕೇಳಿದೆ. “ಇಲ್ಲ ಸರ್, ಆರೂವರೆಗೆ ಕರೆಕ್ಟಾಗಿ ಶುರು.” ಬಾಡಿಗೆ ಆಮೇಲೆ ನೋಡೋಣಮ್ಮ ಎಂದೆ.

ಖಾಲಿ ಇದ್ದ ನಾಲ್ಕು ದಿನಗಳಲ್ಲಿ ಒಂದರಲ್ಲಿ ‘ನಾಟಕ, ಲೈಟ್ 4, ಜನರೇಟರ್’ ಎಂದು ಬರೆದುಕೊಂಡೆ. ಅದರ ಹಿಂದಿನ ದಿನದ ಪುಟಕ್ಕೆ ಹೋಗಿ, ಕೆಂಪು ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ: ಡೀಸೆಲ್.